ಮೊಬೈಲಿನಲ್ಲಿ ಚೆನ್ನಾಗಿದ್ದ ಚಿತ್ರ ಅಚ್ಚಿನಲ್ಲಿ ಕೆಟ್ಟದ್ದೇಕೆ? – ಮುದ್ರಣಕ್ಕೂ ಜಾಲತಾಣಕ್ಕೂ ಚಿತ್ರ ಸಿದ್ಧಪಡಿಸುವವರಿಗೆ ದೋಷ ನಿವಾರಣೆ ಕೈಪಿಡಿ

ಮೈಸೂರು, ಮಂಡ್ಯದ ಕಡೆ ಸ್ಮರಣ ಸಂಚಿಕೆ, ಲಗ್ನಪತ್ರಿಕೆ, ಜಾತ್ರೆಯ ಕರಪತ್ರ ಅಥವಾ ಅಂಗಡಿಯ ಫ್ಲೆಕ್ಸ್ ಮಾಡಿಸಲು ಓಡಾಡುವವರಲ್ಲಿ ಹೆಚ್ಚಿನವರು ವಿನ್ಯಾಸದ ಕೆಲಸ ಕಲಿತವರಲ್ಲ. ಶಾಲೆಯ ಮೇಷ್ಟ್ರು, ಸಂಘದ ಕಾರ್ಯದರ್ಶಿ, ಮದುವೆ ಮನೆಯ ಹಿರಿಮಗ ಇಂಥವರೇ ಆ ಹೊಣೆ ಹೊತ್ತಿರುತ್ತಾರೆ. ಅಚ್ಚಾಗಿ ಬಂದ ಪ್ರತಿಯಲ್ಲಿ ಮುಖಗಳು ಮಸುಕಾಗಿದ್ದರೆ ಅಥವಾ ಸೀರೆಯ ಬಣ್ಣ ಬೇರೆಯಾಗಿದ್ದರೆ ಮೊದಲು ಬೈಗುಳ ತಿನ್ನುವುದು ಪ್ರೆಸ್ಸಿನವರು. ಆದರೆ ದೋಷ ಕಣ್ಣಿಗೆ ಬಿದ್ದದ್ದು ಅಚ್ಚಿನಲ್ಲಾದರೂ ಅದು ಹುಟ್ಟಿದ್ದು ಬಹುಪಾಲು ಸಂದರ್ಭಗಳಲ್ಲಿ ಕಡತ ಪ್ರೆಸ್ಸಿನ ಬಾಗಿಲು ತಲುಪುವ ಮೊದಲೇ. ಯಾವ ಹಂತದಲ್ಲಿ ಹುಟ್ಟಿತೆಂದು ತಿಳಿಯದೆ ತಿದ್ದಲು ಹೊರಟರೆ ಒಂದು ದೋಷದ ಮೇಲೆ ಇನ್ನೊಂದನ್ನು ಹೇರಿದಂತಾಗುತ್ತದೆ.

ಏನನ್ನು ಮುಟ್ಟುವ ಮೊದಲೂ ಮೂಲ ಕಡತವನ್ನು ಬೇರೊಂದು ಫೋಲ್ಡರಿನಲ್ಲಿ ಹಾಗೆಯೇ ಇರಿಸಿ, ಅದರ ಪ್ರತಿಯ ಮೇಲಷ್ಟೇ ಕೆಲಸ ಮಾಡಬೇಕು. ಜೆಪೆಗ್ (ಗಾತ್ರ ಕುಗ್ಗಿಸಿ ಉಳಿಸುವ ಸಾಮಾನ್ಯ ಫೋಟೊ ರೂಪ) ಕಡತವನ್ನು ತೆರೆದು, ತಿದ್ದಿ, ಅದೇ ಹೆಸರಿನಲ್ಲಿ ಉಳಿಸಿದ ಪ್ರತಿ ಸಲವೂ ಅದರೊಳಗಿನ ವಿವರ ಸ್ವಲ್ಪ ಸ್ವಲ್ಪ ಕಳೆದುಹೋಗುತ್ತದೆ, ಹಾಗೆ ಕಳೆದದ್ದು ಮತ್ತೆ ಬರುವುದಿಲ್ಲ.

ಅಚ್ಚಿನಲ್ಲಿ ಚಿತ್ರ ಮಸುಕಾಗಿದೆ ಅಥವಾ ಚೌಕಳಿ ಚೌಕಳಿಯಾಗಿದೆ

ಅತಿ ಹೆಚ್ಚು ಕೇಳಿಬರುವ ದೂರು ಇದೇ. ಮಸುಕಿನಲ್ಲೂ ನಾಲ್ಕು ಬಗೆಯಿದೆ. ಒಂದೊಂದಕ್ಕೂ ಕಾರಣ ಬೇರೆ. ಅಚ್ಚಾದ ಹಾಳೆಯನ್ನು ಬೆಳಕಿಗೆ ಹಿಡಿದು, ಸಾಧ್ಯವಾದರೆ ಭೂತಗನ್ನಡಿಯಲ್ಲಿ ನೋಡಬೇಕು.

ಓರೆಯಾದ ಗೆರೆಗಳು ಮೆಟ್ಟಿಲಿನಂತೆ ಕಂಡರೆ ಪಿಕ್ಸೆಲ್‌ಗಳು (ಚಿತ್ರವನ್ನು ಕಟ್ಟುವ ಸಣ್ಣ ಬಣ್ಣದ ಚುಕ್ಕೆಗಳು) ಸಾಲದೆ ಬಂದಿವೆ ಎಂದರ್ಥ. ಮುಖದ ಅಂಚು, ಅಕ್ಷರದ ಅಂಚುಗಳ ಸುತ್ತ ಕೊಳಕು ಮೆತ್ತಿದಂತಿದ್ದು, ಆಕಾಶದಂಥ ನಯವಾದ ಭಾಗದಲ್ಲಿ ಸಣ್ಣ ಸಣ್ಣ ಚೌಕಗಳು ತೋರಿದರೆ ಅದು ಜೆಪೆಗ್ ಸಂಕೋಚನದ ಗುರುತು. ಆ ವಿಧಾನವು ಚಿತ್ರವನ್ನು 8 × 8 ಪಿಕ್ಸೆಲ್‌ಗಳ ತುಂಡುಗಳಾಗಿ ಒಡೆದು ಕುಗ್ಗಿಸುವುದರಿಂದ, ಕುಗ್ಗಿಸಿದ್ದು ಅತಿಯಾದಾಗ ಆ ತುಂಡುಗಳ ಗಡಿಯೇ ಕಾಣತೊಡಗುತ್ತದೆ. ಚೌಕವೂ ಇಲ್ಲದೆ ಮೆಟ್ಟಿಲೂ ಇಲ್ಲದೆ ಇಡೀ ಚಿತ್ರ ಒಂದೇ ದಿಕ್ಕಿಗೆ ಎಳೆದಂತಿದ್ದರೆ ಫೋಟೊ ತೆಗೆಯುವಾಗಲೇ ಕೈ ಅಲುಗಿದೆ. ಇನ್ನು ನಾಲ್ಕನೆಯದು ಮಾತ್ರ ನಿಜವಾಗಿಯೂ ಪ್ರೆಸ್ಸಿನದು: ಅಂಚಿನಲ್ಲಿ ಒಂದು ಕಡೆ ಗುಲಾಬಿ, ಇನ್ನೊಂದು ಕಡೆ ನೀಲಿಯ ಎಳೆ ಹೊರಚಾಚಿದ್ದು, ಅದೇ ಪುಟದ ಎಲ್ಲ ಚಿತ್ರಗಳಲ್ಲೂ ಅದೇ ದಿಕ್ಕಿಗೆ ಚಾಚಿದ್ದರೆ ನಾಲ್ಕು ಬಣ್ಣಗಳನ್ನು ಬೇರೆ ಬೇರೆಯಾಗಿ ಒತ್ತುವ ಪ್ಲೇಟ್‌ಗಳು ಒಂದರ ಮೇಲೊಂದು ಸರಿಯಾಗಿ ಕೂತಿಲ್ಲ. ಒಂದೇ ಚಿತ್ರ ಮಸುಕಾಗಿದ್ದು ಪಕ್ಕದ ಚಿತ್ರ ಸ್ಫುಟವಾಗಿದ್ದರೆ ಪ್ರೆಸ್ಸಿನವರೊಡನೆ ಜಗಳಕ್ಕೆ ಹೋಗಬಾರದು.

ಕಾಸಿಲ್ಲದ ಮೊದಲ ಪರೀಕ್ಷೆಯೆಂದರೆ ಕಡತದ ವಿವರಗಳಲ್ಲಿ ಅಗಲ, ಎತ್ತರದ ಪಿಕ್ಸೆಲ್ ಸಂಖ್ಯೆಯನ್ನು ನೋಡುವುದು. ಕೈಯಲ್ಲಿ ಹಿಡಿದು ಓದುವ ಪುಸ್ತಕ, ಪತ್ರಿಕೆಗಳಿಗೆ ಅಂಗುಲಕ್ಕೆ 300 ಪಿಕ್ಸೆಲ್ ಇರಬೇಕೆಂಬುದು ರೂಢಿ. ಅಂದರೆ 4 × 6 ಅಂಗುಲದ ಚಿತ್ರಕ್ಕೆ 1200 × 1800, ಎ4 ಪುಟದ ತುಂಬ ಬರುವ ಚಿತ್ರಕ್ಕೆ 2480 × 3508 ಪಿಕ್ಸೆಲ್ ಬೇಕು. ದಿನಪತ್ರಿಕೆಯ ಕಾಗದಕ್ಕೆ 170ರಿಂದ 200 ಸಾಕು, ಏಕೆಂದರೆ ಅಲ್ಲಿ ಅಚ್ಚಿನ ಚುಕ್ಕೆಗಳೇ ದಪ್ಪ. ರಸ್ತೆಯಾಚೆಯಿಂದ ನೋಡುವ ಫ್ಲೆಕ್ಸ್‌ಗೆ ಅಂಗುಲಕ್ಕೆ 72 ಇದ್ದರೂ ಆಗುತ್ತದೆ, ಅದಕ್ಕಿಂತ ಕಡಿಮೆಯಲ್ಲೂ ನಡೆದುಹೋಗುತ್ತದೆ.

ಈಗ ಒಂದು ಲೆಕ್ಕ ಹಾಕೋಣ. ವಾಟ್ಸ್‌ಆ್ಯಪಿನಲ್ಲಿ ಸಾಮಾನ್ಯ ರೀತಿಯಲ್ಲಿ ಕಳಿಸಿದ ಫೋಟೊ ಸುಮಾರು 1600 × 1200 ಪಿಕ್ಸೆಲ್‌ಗೆ ಇಳಿದಿರುತ್ತದೆ. ಅದು 300ರ ಲೆಕ್ಕದಲ್ಲಿ ಸುಮಾರು 5.3 × 4 ಅಂಗುಲಕ್ಕೆ ಮಾತ್ರ ಸಾಕಾಗುತ್ತದೆ. ಅದನ್ನೇ ಸ್ಮರಣ ಸಂಚಿಕೆಯ ಹೊದಿಕೆಗೆ ಹಾಕಿ ನೆಟ್ಟಗೆ ನಿಲ್ಲಿಸಿ, 1200 ಪಿಕ್ಸೆಲ್‌ನ ಬದಿಯನ್ನು 8.27 ಅಂಗುಲ ಅಗಲಕ್ಕೆ ಹಿಗ್ಗಿಸಿದರೆ ಅಂಗುಲಕ್ಕೆ ಸಿಗುವುದು 145 ಪಿಕ್ಸೆಲ್. ದೇವಸ್ಥಾನದ ಗೋಪುರವಾದರೆ ಗೊಂಬೆಗಳೆಲ್ಲ ಕರಗಿದ ಬೆಣ್ಣೆಯಂತೆ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಹೀಗಾಗಿ ಈ ದೋಷಕ್ಕೆ ಅತಿ ಅಗ್ಗದ ಪರಿಹಾರವೆಂದರೆ ಫೋಟೊ ತೆಗೆದವರನ್ನೇ ಹುಡುಕಿ, ಅದನ್ನು ಡಾಕ್ಯುಮೆಂಟ್ ರೂಪದಲ್ಲಿ ಅಥವಾ ಪೆನ್‌ಡ್ರೈವಿನಲ್ಲಿ ಮತ್ತೆ ತರಿಸಿಕೊಳ್ಳುವುದು. ಸ್ಕ್ರೀನ್‌ಶಾಟ್ ಮಾಡಿ ಕಳಿಸಿದ್ದಾರೋ ಎಂಬುದನ್ನೂ ಕೇಳಬೇಕು. ಫೋಟೊದ ಮೇಲಂಚಿನಲ್ಲಿ ಬ್ಯಾಟರಿಯ ಗುರುತು ಇಣುಕುತ್ತಿದ್ದರೆ ಕೇಳುವ ಅಗತ್ಯವೂ ಇಲ್ಲ.

ರೆಸಲ್ಯೂಶನ್ ಎಂಬಲ್ಲಿ 72 ಅಳಿಸಿ 300 ಎಂದು ಬರೆದುಬಿಟ್ಟರೆ ಚಿತ್ರ ಸುಧಾರಿಸಿತೆಂಬ ನಂಬಿಕೆ ಡಿಟಿಪಿ ಕೇಂದ್ರಗಳಲ್ಲಿ ಇನ್ನೂ ಉಳಿದಿದೆ. ಪಿಕ್ಸೆಲ್ ಸಂಖ್ಯೆ ಬದಲಾಗದಿದ್ದರೆ ಚಿತ್ರದ ಅಚ್ಚಿನ ಅಳತೆಯಷ್ಟೇ ಕುಗ್ಗುತ್ತದೆ. ಪಿಕ್ಸೆಲ್ ಸಂಖ್ಯೆಯೂ ಹೆಚ್ಚಿದರೆ ತಂತ್ರಾಂಶವು ಅಕ್ಕಪಕ್ಕದ ಬಣ್ಣ ನೋಡಿ ಹೊಸ ಪಿಕ್ಸೆಲ್‌ಗಳನ್ನು ಊಹಿಸಿ ತುಂಬಿದೆ. ಕೃತಕ ಬುದ್ಧಿಮತ್ತೆಯ ತಂತ್ರಾಂಶಗಳು ಈ ಊಹೆಯನ್ನು ಇನ್ನೂ ಜಾಣತನದಿಂದ ಮಾಡುತ್ತವೆ. ಹೂವು, ಕಟ್ಟಡಗಳಿಗೆ ಅದನ್ನು ಬಳಸಬಹುದು. ತೀರಿಕೊಂಡ ಹಿರಿಯರ ಶ್ರದ್ಧಾಂಜಲಿ ಫೋಟೊಗೆ ಬಳಸುವ ಮೊದಲು ಮಾತ್ರ ಮನೆಯವರಿಗೆ ತೋರಿಸಲೇಬೇಕು, ಏಕೆಂದರೆ ಕಣ್ಣು, ಹಲ್ಲು, ಹುಬ್ಬುಗಳನ್ನು ತಂತ್ರಾಂಶ ತಾನೇ ಕಟ್ಟಿ ಕೂರಿಸಿ, ಚೊಕ್ಕವಾದ ಆದರೆ ಬೇರೆಯವರದ್ದೇ ಆದ ಮುಖವನ್ನು ಕೊಟ್ಟಿರುತ್ತದೆ. ಅಂಥ ಕಡೆ ತಿದ್ದುವುದನ್ನು ನಿಲ್ಲಿಸಿ, ಇದ್ದ ಚಿತ್ರವನ್ನೇ ಚಿಕ್ಕದಾಗಿ ಅಚ್ಚು ಹಾಕಿಸುವುದು ಮೇಲು.

ಪರದೆಯ ಮೇಲಿದ್ದ ಬಣ್ಣ ಕಾಗದದ ಮೇಲೆ ಮಂಕಾಗಿದೆ

ಕೆ.ಆರ್.ಎಸ್. ನಾಲೆಯ ಬಯಲಿನ ಕಬ್ಬಿನ ಗದ್ದೆಯ ಹಸಿರು, ಮೈಸೂರು ರೇಷ್ಮೆಯ ಗಿಳಿಹಸಿರು ಮತ್ತು ರಾಜನೀಲಿ, ಕಾರಂಜಿಯ ಮೇಲೆ ಬಿದ್ದ ದೀಪದ ನೇರಳೆ – ಇವೆಲ್ಲ ಮೊಬೈಲಿನಲ್ಲಿ ಮಿನುಗುತ್ತವೆ, ಅಚ್ಚಿನಲ್ಲಿ ಸೋಲುತ್ತವೆ. ಪರದೆಯು ಕೆಂಪು, ಹಸಿರು, ನೀಲಿ ಬೆಳಕನ್ನು ಕಣ್ಣಿಗೆ ಬಿಡುತ್ತದೆ. ಕಾಗದವು ನೀಲಿ-ಹಸಿರಿನ ಸಯಾನ್, ಗುಲಾಬಿಯ ಮಜೆಂಟಾ, ಹಳದಿ ಮತ್ತು ಕಪ್ಪು ಶಾಯಿಗಳ ಮೂಲಕ ಹಾದುಬಂದ ಬೆಳಕನ್ನು ಮಾತ್ರ ಹಿಂದಿರುಗಿಸುತ್ತದೆ. ಈ ನಾಲ್ಕು ಶಾಯಿಗಳಿಂದ ಹುಟ್ಟಿಸಲು ಸಾಧ್ಯವಿರುವ ಬಣ್ಣಗಳ ವ್ಯಾಪ್ತಿ ಪರದೆಯದಕ್ಕಿಂತ ಒಟ್ಟಾರೆ ಕಿರಿದು. ರಾಜ್ಯೋತ್ಸವದ ಕರಪತ್ರದಲ್ಲಿ ಬಾವುಟದ ಹಳದಿ, ಕೆಂಪು ಕೆಡುವುದು ಅಪರೂಪವೇಕೆಂದರೆ ಹಳದಿ ಸ್ವತಃ ಒಂದು ಶಾಯಿ, ಆ ಕೆಂಪೂ ಹೆಚ್ಚುಕಡಿಮೆ ಶಾಯಿಗಳ ವ್ಯಾಪ್ತಿಯೊಳಗೇ ಬರುತ್ತದೆ. ಗಿಳಿಹಸಿರಿಗೆ ಆ ಭಾಗ್ಯವಿಲ್ಲ.

ಮೊದಲು ಮೊಬೈಲಿನ ಪರದೆಯ ಬೆಳಕನ್ನು ಅರ್ಧಕ್ಕೆ ಇಳಿಸಿ, ಬಣ್ಣವನ್ನು ಎದ್ದುತೋರಿಸುವ ವಿವಿಡ್ ಸೆಟ್ಟಿಂಗ್ ಇದ್ದರೆ ತೆಗೆದು, ಚಿತ್ರವನ್ನು ಮತ್ತೆ ನೋಡಬೇಕು. ಅಚ್ಚಾದ ಪ್ರತಿಯನ್ನು ಟ್ಯೂಬ್‌ಲೈಟಿನ ಕೆಳಗಲ್ಲದೆ ಬಿಸಿಲು ನೇರ ಬೀಳದ ಜಗಲಿಯ ಹಗಲು ಬೆಳಕಿನಲ್ಲಿ ಪಕ್ಕದಲ್ಲಿಡಬೇಕು. ಇಷ್ಟರಲ್ಲೇ ಅರ್ಧದಷ್ಟು ವ್ಯತ್ಯಾಸ ಮಾಯವಾಗುವುದುಂಟು.

ಆನಂತರ ಕಡತದ ಬಣ್ಣದ ಪ್ರೊಫೈಲ್ (ಅದರೊಳಗಿನ ಅಂಕಿಗಳನ್ನು ಯಾವ ಬಣ್ಣವೆಂದು ಓದಬೇಕೆಂಬ ಸೂಚನೆ) ನೋಡಬೇಕು. 1996ರಲ್ಲಿ ಎಚ್‌ಪಿ ಮತ್ತು ಮೈಕ್ರೊಸಾಫ್ಟ್ ಸಂಸ್ಥೆಗಳು ರೂಪಿಸಿದ ಎಸ್‌ಆರ್‌ಜಿಬಿ ಇಂದಿಗೂ ಸಾಮಾನ್ಯ ಬಳಕೆಯ ಅಳತೆಗೋಲು. ಕ್ಯಾಮೆರಾವನ್ನು ಅದಕ್ಕಿಂತ ವಿಶಾಲವಾದ ಅಡೋಬಿ ಆರ್‌ಜಿಬಿಗೆ ಇಟ್ಟಿದ್ದು, ಕಡತ ಸಾಗುವ ದಾರಿಯಲ್ಲಿ ಪ್ರೊಫೈಲ್ ಕಳಚಿಹೋಗಿದ್ದರೆ ಅಚ್ಚಿಗೆ ಹೋಗುವ ಮೊದಲೇ ಚಿತ್ರ ಸಪ್ಪೆಯಾಗುತ್ತದೆ. ಇದರ ಗುರುತು ಸುಲಭ: ಚಿತ್ರವು ಒಂದು ಕಂಪ್ಯೂಟರಿನಲ್ಲಿ ರಂಗಾಗಿಯೂ ಇನ್ನೊಂದರಲ್ಲಿ ಬೂದಿ ಬಳಿದಂತೆಯೂ ಕಾಣುತ್ತದೆ. ಎಲ್ಲ ಪರದೆಗಳಲ್ಲೂ ಒಂದೇ ಬಗೆಯಾಗಿ ಕಂಡು ಕಾಗದದ ಮೇಲೆ ಮಾತ್ರ ಮಂಕಾಗಿದ್ದರೆ ಅದು ಶಾಯಿಯ ಮಿತಿ.

ಶಾಯಿಯ ಮಿತಿಯನ್ನು ಮೀರಲಾಗದು, ಮುಂಚಿತವಾಗಿ ಕಾಣಬಹುದಷ್ಟೆ. ಫೋಟೊಶಾಪಿನಂಥ ತಂತ್ರಾಂಶದಲ್ಲಿ ಮುದ್ರಣದ ಮುನ್ನೋಟವನ್ನು ತೋರಿಸುವ ಸಾಫ್ಟ್ ಪ್ರೂಫ್ ಇದೆ. ಅದರಲ್ಲಿ ಪ್ರೆಸ್ಸಿನವರು ಹೇಳಿದ ಪ್ರೊಫೈಲ್ ಆರಿಸಬೇಕು. ಅವರನ್ನು ಕೇಳದೆ ಎಲ್ಲವನ್ನೂ ಸಿಎಂವೈಕೆಗೆ (ನಾಲ್ಕು ಶಾಯಿಗಳ ಲೆಕ್ಕಕ್ಕೆ) ಬದಲಿಸಿ ಕೊಡುವುದು ನನಗೆ ಸರಿಕಾಣದು. ನುಣುಪು ಲೇಪದ ಆರ್ಟ್ ಪೇಪರಿಗೆ ಹೊಂದುವ ಬದಲಾವಣೆ ಲೇಪವಿಲ್ಲದ ಮ್ಯಾಪ್‌ಲಿಥೊ ಕಾಗದಕ್ಕೆ ಹೊಂದುವುದಿಲ್ಲ, ಡಿಜಿಟಲ್ ಪ್ರಿಂಟಿಂಗ್ ಮಾಡುವ ಅನೇಕರು ಎಸ್‌ಆರ್‌ಜಿಬಿ ಕಡತವನ್ನೇ ಬಯಸುತ್ತಾರೆ. ವಿನ್ಯಾಸದಲ್ಲಿ ನೀಲಿ ಪಟ್ಟಿಗಳು ನೇರಳೆಗೆ ತಿರುಗುತ್ತಿದ್ದರೆ ಸಯಾನ್ ಶೇಕಡಾ 100 ಇರುವಾಗ ಮಜೆಂಟಾವನ್ನು 70ರ ಆಸುಪಾಸಿಗೆ ಇಳಿಸಿದರೆ ನೀಲಿ ನೀಲಿಯಾಗಿಯೇ ಉಳಿಯುತ್ತದೆ.

ಸೀರೆ ಮಾರುವವರ ಕ್ಯಾಟಲಾಗಿನಂತೆ ಬಣ್ಣವೇ ವ್ಯಾಪಾರವಾಗಿರುವ ಕೆಲಸದಲ್ಲಿ ಪರದೆಯನ್ನು ನೋಡಿ ಒಪ್ಪಿಗೆ ಕೊಡಬಾರದು. ಅದೇ ಕಾಗದದ ಮೇಲೆ ಪ್ರೂಫ್ (ಮಾದರಿ ಪ್ರತಿ) ತೆಗೆಸಿ, ಸೀರೆಯನ್ನೇ ಪಕ್ಕದಲ್ಲಿ ಹಾಸಿ ನೋಡಿ, ಸಹಿ ಹಾಕಿಕೊಡಬೇಕು. ದಸರಾ ಮತ್ತು ಮದುವೆಯ ದಿನಗಳಲ್ಲಿ ಪ್ರೆಸ್ಸುಗಳಿಗೆ ಉಸಿರಾಡಲೂ ಬಿಡುವಿರುವುದಿಲ್ಲವಾದ್ದರಿಂದ ಪ್ರೂಫಿನ ಮಾತನ್ನು ಕೆಲಸ ಒಪ್ಪಿಸುವಾಗಲೇ ಆಡಿರಬೇಕು. ಚಿನ್ನದ ಹಾಳೆ ಅಂಟಿಸಿದ ಮೈಸೂರು ಶೈಲಿಯ ಚಿತ್ರಗಳಂತೂ ನಾಲ್ಕು ಶಾಯಿಯಲ್ಲಿ ಎಂದೂ ಹೊಳೆಯವು. ಚಿನ್ನ ಕಂದು-ಹಳದಿಯಾಗಿಯೇ ಬರುತ್ತದೆ. ಹೊಳಪು ಬೇಕೇಬೇಕೆಂದರೆ ಐದನೆಯ ಲೋಹಶಾಯಿ ಅಥವಾ ಫಾಯಿಲ್ ಒತ್ತಿಸಬೇಕು, ಅದರ ಖರ್ಚು ಬೇರೆ. ಅಂಥ ಚಿತ್ರವನ್ನು ಸ್ಕ್ಯಾನರಿನ ಗಾಜಿಗೆ ಒತ್ತಲೇಬಾರದು: ಚಿನ್ನದ ಕೆಳಗಿನ ಉಬ್ಬು ಲೇಪ ಬಿರುಕು ಬಿಡುತ್ತದೆ. ಗೋಡೆಯ ಮೇಲಿರುವಾಗಲೇ, ಎರಡು ಕಡೆಯಿಂದ ಓರೆಯಾಗಿ ಬೆಳಕು ಬಿಟ್ಟು, ಕ್ಯಾಮೆರಾದಲ್ಲಿ ತೆಗೆಯಬೇಕು.

ಕತ್ತಲೆಯ ಭಾಗ ಮುದ್ದೆಯಾಗಿದೆ, ಹಿಂದಿನ ಪುಟಕ್ಕೆ ಶಾಯಿ ಅಂಟಿದೆ

ದೀಪಾಲಂಕಾರದ ಅರಮನೆಯ ರಾತ್ರಿಚಿತ್ರ ಇದಕ್ಕೆ ಒಳ್ಳೆಯ ಉದಾಹರಣೆ. ಲಕ್ಷದ ಸಮೀಪದ ಬಲ್ಬುಗಳ ಸುತ್ತ ಇರುವುದೆಲ್ಲ ಕಪ್ಪು ಆಕಾಶ. ಆ ಕಪ್ಪು ನಾಲ್ಕೂ ಶಾಯಿಗಳಿಂದ ಆಗುವುದರಿಂದ, ನಾಲ್ಕರ ಶೇಕಡಾ ಮೊತ್ತ ಹೆಚ್ಚಾದಷ್ಟೂ ಶಾಯಿ ಒಣಗದೆ ಮೇಲಿನ ಹಾಳೆಗೆ ಅಂಟುತ್ತದೆ. ದಿನಪತ್ರಿಕೆಯ ಕಾಗದ ಸುಮಾರು 240, ಆರ್ಟ್ ಪೇಪರ್ 300ರ ಆಸುಪಾಸು ತಡೆದುಕೊಳ್ಳುತ್ತದೆ. ಕಣ್ಣಿಗೆ ಒಂದೇ ಕಪ್ಪಾಗಿ ಕಾಣುವುದು ಕಡತದಲ್ಲಿ 380 ಇರಬಹುದು. ತಂತ್ರಾಂಶದ ಇನ್ಫೊ ಪಟ್ಟಿಯಲ್ಲಿ ಆ ಜಾಗದ ಮೇಲೆ ಬಾಣ ಇಟ್ಟು ನಾಲ್ಕು ಅಂಕಿ ಕೂಡಿದರೆ ತಿಳಿಯುತ್ತದೆ. ಸರಿಯಾದ ಪ್ರೊಫೈಲ್ ಆರಿಸಿ ಬದಲಿಸಿದರೆ ಮೊತ್ತ ತಾನಾಗಿಯೇ ಇಳಿಯುತ್ತದೆ.

ಸಣ್ಣ ಅಕ್ಷರಗಳ ವಿಷಯದಲ್ಲಿ ಮಾತು ಬೇರೆ. ಕಪ್ಪು ಅಕ್ಷರಗಳು ಕಪ್ಪು ಶಾಯಿ ಒಂದರಲ್ಲೇ, ಶೇಕಡಾ 100ರಲ್ಲಿ ಇರಬೇಕು. ಅವುಗಳನ್ನು ಚಿತ್ರದೊಳಗೇ ಸೇರಿಸಿ ಜೆಪೆಗ್ ಮಾಡಿದರೆ ನಾಲ್ಕೂ ಶಾಯಿಗೆ ಹಂಚಿಹೋಗಿ, ಪ್ಲೇಟ್ ಕೂದಲೆಳೆಯಷ್ಟು ಸರಿದರೂ ಒತ್ತಕ್ಷರಗಳು ತುಂಬಿಕೊಂಡು ಓದಲಾಗದು.

ಕನ್ನಡ ಅಕ್ಷರ ಒಡೆದಿದೆ ಅಥವಾ ಅರ್ಥವಿಲ್ಲದ ಚಿಹ್ನೆಗಳಾಗಿವೆ

ಇದು ಚಿತ್ರದ ದೋಷವಲ್ಲದಿದ್ದರೂ ನಮ್ಮಲ್ಲಿ ಚಿತ್ರದೊಡನೆಯೇ ಬರುವ ದೋಷ. ಎರಡು ಬಗೆಯ ಒಡೆತಗಳನ್ನು ಬೇರ್ಪಡಿಸಿ ನೋಡಬೇಕು.

‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆಯಿರುವ ಎ, ನಡುವೆ ಪೌಂಡಿನ ಚಿಹ್ನೆ ಹೀಗೆ ಸಾಲುಗಟ್ಟಿದ್ದರೆ ಅದು ನುಡಿ ತಂತ್ರಾಂಶದ ಹಳೆಯ ಆಸ್ಕಿ ಫಾಂಟಿನಲ್ಲಿ (ಇಂಗ್ಲಿಷ್ ಚಿಹ್ನೆಗಳ ಜಾಗದಲ್ಲಿ ಕನ್ನಡದ ರೂಪ ಕೂರಿಸಿದ ಫಾಂಟ್) ಬರೆದದ್ದು, ತೆರೆದ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲ. ಪಠ್ಯ ಹಾಳಾಗಿಲ್ಲ, ಫಾಂಟ್ ಹಾಕಿದರೆ ಸರಿಯಾಗುತ್ತದೆ. ಜಾಲತಾಣಕ್ಕಾದರೆ ಅದನ್ನು ಯೂನಿಕೋಡಿಗೆ (ಎಲ್ಲ ಕಂಪ್ಯೂಟರುಗಳಿಗೂ ಒಂದೇ ಆದ ಅಕ್ಷರ ಸಂಕೇತಕ್ಕೆ) ಪರಿವರ್ತಿಸಿ, ಪರಿವರ್ತಿಸಿದ ಮೇಲೆ ಒಮ್ಮೆ ಪೂರ್ತಿ ಓದಬೇಕು.

‘ಮಂಡ್ಯ’ ಎಂಬುದು ‘ಮಂಡ್‌ಯ’ ಎಂದೂ ‘ಪಟ್ಟಣ’ ಎಂಬುದು ‘ಪಟ್‌ಟಣ’ ಎಂದೂ ಬಿಡಿಬಿಡಿಯಾಗಿ ನಿಂತಿದ್ದರೆ ಪಠ್ಯ ಯೂನಿಕೋಡಿನಲ್ಲಿದೆ, ವಿನ್ಯಾಸದ ತಂತ್ರಾಂಶಕ್ಕೆ ಒತ್ತಕ್ಷರ ಜೋಡಿಸಲು ಬರುತ್ತಿಲ್ಲ. 1991ರ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡವಿತ್ತು. ಆದರೆ 2001ರ 7ನೇ ಆವೃತ್ತಿಗೆ ನಿಂತುಹೋದ ಪುಟ ವಿನ್ಯಾಸದ ತಂತ್ರಾಂಶ ಪೇಜ್‌ಮೇಕರಿಗೆ ಅದು ಎಂದೂ ಒಲಿಯಲಿಲ್ಲ, ಪೇಜ್‌ಮೇಕರ್ ಮಾತ್ರ ನಮ್ಮ ಪ್ರೆಸ್ಸುಗಳನ್ನು ಬೇಗ ಬಿಟ್ಟುಹೋಗಲಿಲ್ಲ. ಫೋಟೊಶಾಪಿನ ಈಚಿನ ಆವೃತ್ತಿಗಳಲ್ಲಿ ವರ್ಲ್ಡ್-ರೆಡಿ ಲೇಔಟ್ ಎಂಬ ಆಯ್ಕೆಯನ್ನು ಹಾಕಿದರೆ ಅಕ್ಷರ ಕೂಡಿಕೊಳ್ಳುತ್ತದೆ.

ಎರಡು ಬಗೆಗೂ ಪ್ರೆಸ್ಸಿಗೆ ಕೊಡುವಾಗಿನ ಕಾಯಂ ಪರಿಹಾರ ಒಂದೇ. ಫಾಂಟನ್ನು ಒಳಗೇ ಸೇರಿಸಿದ ಪಿಡಿಎಫ್ ಕೊಡಬೇಕು, ಇಲ್ಲವೇ ಅಕ್ಷರಗಳನ್ನು ಗೆರೆಯ ಆಕಾರಗಳಾಗಿ ಬದಲಿಸಿ, ಅಂದರೆ ಔಟ್‌ಲೈನ್ ಮಾಡಿ ಕೊಡಬೇಕು. ಔಟ್‌ಲೈನ್ ಮಾಡಿದ ಮೇಲೆ ಕಾಗುಣಿತ ತಿದ್ದಲಾಗದು; ವಧೂವರರ ಹೆಸರು, ಮುಹೂರ್ತ, ಛತ್ರದ ವಿಳಾಸಗಳನ್ನು ಅದಕ್ಕೆ ಮೊದಲೇ ಇನ್ನೊಬ್ಬರಿಂದ ಓದಿಸಬೇಕು.

ಅಂಚಿನಲ್ಲಿ ಬಿಳಿ ಗೆರೆ ಉಳಿದಿದೆ, ಅಥವಾ ತಲೆಯೇ ಕತ್ತರಿಸಿಹೋಗಿದೆ

ಕಟಿಂಗ್ ಯಂತ್ರದಲ್ಲಿ ಕಟ್ಟುಗಟ್ಟಲೆ ಹಾಳೆಗಳನ್ನು ಒಮ್ಮೆಗೇ ಕತ್ತರಿಸುವಾಗ ಒಂದೆರಡು ಮಿಲಿಮೀಟರ್ ಅತ್ತಿತ್ತ ಆಗುವುದು ಸಹಜ. ಪುಟದಂಚಿನವರೆಗೆ ಬರುವ ಚಿತ್ರವನ್ನು ನಾಲ್ಕೂ ಕಡೆ 3 ಮಿ.ಮೀ. ಹೊರಚಾಚಿಸಿ, ಮುಖ ಮತ್ತು ಅಕ್ಷರಗಳನ್ನು ಅಂಚಿನಿಂದ ಕನಿಷ್ಠ 5 ಮಿ.ಮೀ. ಒಳಗಿಡಬೇಕು. ಇಷ್ಟೇ.

ಚಿತ್ರದ ಮೇಲೆ ಅಲೆಯಲೆಯಾದ ವಿನ್ಯಾಸ ಎದ್ದಿದೆ

ಹಳೆಯ ಪತ್ರಿಕೆಯಲ್ಲಿ ಅಚ್ಚಾಗಿದ್ದ ಚಿತ್ರವನ್ನು ಸ್ಕ್ಯಾನ್ ಮಾಡಿ ಮತ್ತೆ ಅಚ್ಚಿಗೆ ಕೊಟ್ಟಾಗ ಹಳೆಯ ಚುಕ್ಕೆಗಳೂ ಹೊಸ ಚುಕ್ಕೆಗಳೂ ತಾಕಲಾಡಿ ಇದು ಹುಟ್ಟುತ್ತದೆ. ಸ್ಕ್ಯಾನರಿನಲ್ಲಿ ಅಚ್ಚಿನ ಚುಕ್ಕೆಗಳನ್ನು ಅಳಿಸುವ ಡೀಸ್ಕ್ರೀನ್ ಆಯ್ಕೆ ಹಾಕಿ, ಅಂಗುಲಕ್ಕೆ 600ರಲ್ಲಿ ಸ್ಕ್ಯಾನ್ ಮಾಡಿ, ಆಮೇಲೆ ಅಳತೆಗೆ ಇಳಿಸಿದರೆ ಬಹುಮಟ್ಟಿಗೆ ಅಳಿಸುತ್ತದೆ. ರೇಷ್ಮೆಯ ನೇಯ್ಗೆಯ ಮೇಲೆ ಫೋಟೊದಲ್ಲೇ ಅಲೆ ಇದ್ದರೆ, ಅದು ನೇಯ್ಗೆಯ ಎಳೆಗೂ ಕ್ಯಾಮೆರಾದ ಪಿಕ್ಸೆಲ್ ಸಾಲಿಗೂ ನಡುವಿನ ತಾಕಲಾಟ. ಒಂದೆರಡು ಹೆಜ್ಜೆ ಹಿಂದೆ ಸರಿದು ಅಥವಾ ಸೀರೆಯನ್ನು ಸ್ವಲ್ಪ ತಿರುಗಿಸಿ ಮತ್ತೆ ತೆಗೆಯುವುದೇ ಸುಲಭ. ಪರದೆಯಲ್ಲಿ ದೊಡ್ಡದು ಚಿಕ್ಕದು ಮಾಡಿದಂತೆಲ್ಲ ಅಲೆ ಬದಲಾಗುತ್ತಿದ್ದು, ಶೇಕಡಾ 100ರ ಅಳತೆಯಲ್ಲಿ ಕಾಣದಿದ್ದರೆ ಅದು ಪರದೆಯ ಭ್ರಮೆ, ಮುಟ್ಟಬೇಕಿಲ್ಲ.

ಜಾಲತಾಣದಲ್ಲಿ ಪುಟ ತೆರೆಯಲು ತಡ, ಚಿತ್ರ ಅಡ್ಡಲಾಗಿದೆ, ಬಣ್ಣ ವಿಕಾರವಾಗಿದೆ

ಅಚ್ಚಿಗೆ ಕೊಟ್ಟ ಕಡತವನ್ನೇ ಜಾಲತಾಣಕ್ಕೂ ಏರಿಸುವುದರಿಂದ ಈ ದೂರುಗಳಲ್ಲಿ ಮುಕ್ಕಾಲುಪಾಲು ಬರುತ್ತವೆ. ಹಳ್ಳಿಯ ಕಡೆ ಒಂದು ಗೆರೆ ಸಿಗ್ನಲ್ಲಿನಲ್ಲಿ ನೋಡುವವರಿಗೆ 8 ಎಂಬಿಯ ಚಿತ್ರ ಶಿಕ್ಷೆಯೇ ಸರಿ. ಅಗಲವನ್ನು 1200ರಿಂದ 1600 ಪಿಕ್ಸೆಲ್‌ಗೆ ಇಳಿಸಿ, ಜೆಪೆಗ್ ಗುಣಮಟ್ಟವನ್ನು 75ರಿಂದ 85ರ ನಡುವೆ ಇಟ್ಟರೆ ಸಾಮಾನ್ಯವಾಗಿ ಕೆಲವು ನೂರು ಕೆಬಿಗೆ ಬರುತ್ತದೆ. ಗೂಗಲ್ 2010ರಲ್ಲಿ ಹೊರತಂದ ವೆಬ್‌ಪಿ ರೂಪದಲ್ಲಿ ಉಳಿಸಿದರೆ ಇನ್ನೂ ಕಡಿಮೆಯಾಗುತ್ತದೆ. ಫೋಟೊಗಳಿಗೆ ಪಿಎನ್‌ಜಿ ಬೇಡ. ಅದು ಲಾಂಛನ, ನಕ್ಷೆ, ಅಕ್ಷರಗಳಿರುವ ಚಿತ್ರಗಳಿಗೆ. ಲಾಂಛನದ ಸುತ್ತ ಪಾರದರ್ಶಕವಾಗಿದ್ದ ಜಾಗ ಬಿಳಿಯೋ ಕಪ್ಪೋ ಆಗಿದ್ದರೆ ಯಾರೋ ಅದನ್ನು ಜೆಪೆಗ್ ಮಾಡಿದ್ದಾರೆ, ಏಕೆಂದರೆ ಜೆಪೆಗ್‌ಗೆ ಪಾರದರ್ಶಕತೆಯೇ ಇಲ್ಲ.

ಬಣ್ಣ ಕಣ್ಣಿಗೆ ಚುಚ್ಚುವಂತಿದ್ದರೆ ಅಥವಾ ಕೆಲವು ಕಡೆ ಚಿತ್ರ ತೆರೆಯದೇ ಇದ್ದರೆ ಕಡತ ಸಿಎಂವೈಕೆಯಲ್ಲೇ ಉಳಿದಿರಬಹುದು. ಮೂಲದಿಂದ ಎಸ್‌ಆರ್‌ಜಿಬಿ ಪ್ರತಿ ತೆಗೆಯಬೇಕು. ಮೊಬೈಲಿನಲ್ಲಿ ನೆಟ್ಟಗಿದ್ದ ಚಿತ್ರ ಇಲ್ಲಿ ಮಲಗಿದ್ದರೆ, ಕ್ಯಾಮೆರಾ ಚಿತ್ರವನ್ನು ತಿರುಗಿಸದೆ ‘ತಿರುಗಿಸಿ ತೋರಿಸು’ ಎಂಬ ಸೂಚನೆಯನ್ನಷ್ಟೇ ಕಡತದೊಳಗೆ ಅಡಗಿರುವ ಎಕ್ಸಿಫ್ ಮಾಹಿತಿಯಲ್ಲಿ ಬರೆದಿತ್ತು, ಅದು ದಾರಿಯಲ್ಲಿ ಕಳೆದಿದೆ; ತಂತ್ರಾಂಶದಲ್ಲಿ ನಿಜವಾಗಿ ತಿರುಗಿಸಿ ಉಳಿಸಿದರಾಯಿತು. ಐಫೋನಿನಿಂದ ಬಂದ ಕಡತ ತೆರೆಯದಿದ್ದರೆ ಅದು 2017ರಿಂದ ಆ ಫೋನುಗಳು ಬಳಸುತ್ತಿರುವ ಹೆಚ್‌ಇಐಸಿ ರೂಪದ್ದಾಗಿರುತ್ತದೆ. ಎಲ್ಲ ಸರಿಪಡಿಸಿದ ಮೇಲೂ ಹಳೆಯ ಚಿತ್ರವೇ ಕಾಣುತ್ತಿದ್ದರೆ ಬ್ರೌಸರು ತಾನು ಕೂಡಿಟ್ಟುಕೊಂಡ ಪ್ರತಿಯನ್ನು ತೋರಿಸುತ್ತಿದೆ. ಹೊಸ ಹೆಸರಿಟ್ಟು ಏರಿಸಬೇಕು.

ಅದೇ ಎಕ್ಸಿಫ್ ಮಾಹಿತಿಯಲ್ಲಿ ಫೋಟೊ ತೆಗೆದ ಜಾಗದ ಅಕ್ಷಾಂಶ, ರೇಖಾಂಶಗಳೂ ಇರಬಹುದು. ಮಕ್ಕಳ ಚಿತ್ರ, ಮನೆಯೊಳಗಿನ ಚಿತ್ರಗಳನ್ನು ಏರಿಸುವ ಮೊದಲು ಆ ವಿವರವನ್ನು ಅಳಿಸಿರಬೇಕು. ಡಿಟಿಪಿ ಕೇಂದ್ರದ ಕಂಪ್ಯೂಟರಿನಲ್ಲಿ ತೆರೆದ ಆಧಾರ್ ಪ್ರತಿ, ಮನೆಮಂದಿಯ ಫೋಟೊಗಳನ್ನೂ ಕೆಲಸ ಮುಗಿದ ಮೇಲೆ ರೀಸೈಕಲ್ ಬಿನ್‌ನಿಂದ ಸಹಿತ ತೆಗೆಸಿಯೇ ಏಳಬೇಕು.

ಕೈಬಿಟ್ಟು ತಿಳಿದವರಿಗೆ ಒಪ್ಪಿಸಬೇಕಾದ ಸಂದರ್ಭಗಳು

ಫ್ರೇಮಿನ ಗಾಜಿಗೆ ಅಂಟಿಕೊಂಡ ಹಳೆಯ ಫೋಟೊವನ್ನು ಸ್ಕ್ಯಾನ್ ಮಾಡುವ ಆಸೆಗೆ ಕಿತ್ತರೆ ಚಿತ್ರದ ಪದರವೇ ಗಾಜಿನ ಮೇಲೆ ಉಳಿದುಬಿಡುತ್ತದೆ. ಗಾಜಿನ ಸಮೇತ ಸ್ಕ್ಯಾನ್ ಮಾಡಿಸಿ, ಬಿಡಿಸುವ ಕೆಲಸವನ್ನು ಹಳೆಯ ಚಿತ್ರಗಳ ಸಂರಕ್ಷಣೆ ಬಲ್ಲವರಿಗೆ ಬಿಡಬೇಕು. ಪ್ಲೇಟ್ ಸರಿದ ಗುರುತು ಕಂಡಾಗ ಅಚ್ಚಾಗುತ್ತಿರುವ ಯಂತ್ರದ ಬಳಿ ಹೋಗಿ ಹಾಳೆ ಎಳೆದು ನೋಡುವುದು ಅಪಾಯ. ಯಂತ್ರ ನಿಲ್ಲಿಸಿ ತೋರಿಸುವಂತೆ ಪ್ರೆಸ್ಸಿನವರನ್ನೇ ಕೇಳಬೇಕು.

ಮೆಮೊರಿ ಕಾರ್ಡಿನಿಂದ ಫೋಟೊಗಳು ಅಳಿಸಿಹೋಗಿದ್ದರೆ ಅಥವಾ ಕಾರ್ಡನ್ನು ಫಾರ್ಮ್ಯಾಟ್ ಮಾಡಲು ಕ್ಯಾಮೆರಾ ಕೇಳುತ್ತಿದ್ದರೆ ಒಪ್ಪಿಗೆ ಒತ್ತದೆ ಅಲ್ಲಿಗೇ ನಿಲ್ಲಿಸಬೇಕು. ಅಳಿಸಿದ ಫೋಟೊ ಹೊಸದೊಂದು ಅದರ ಜಾಗ ಹಿಡಿಯುವವರೆಗೂ ಹೆಚ್ಚಾಗಿ ಕಾರ್ಡಿನಲ್ಲೇ ಇರುತ್ತದೆ. ಕಾರ್ಡನ್ನು ಹೊರತೆಗೆದು, ಅದರಲ್ಲಿ ಒಂದೇ ಒಂದು ಫೋಟೊವನ್ನೂ ತೆಗೆಯದೆ, ದತ್ತಾಂಶ ಮರಳಿ ಪಡೆಯುವ ಕೆಲಸ ಬಲ್ಲವರ ಕೈಗೆ ಕೊಡಬೇಕು. ಸಿಕ್ಕ ಫೋಟೊಗಳನ್ನು ಅದೇ ಕಾರ್ಡಿಗೆ ಹಾಕಿಸಿಕೊಳ್ಳದೆ ಬೇರೊಂದು ಡ್ರೈವಿನಲ್ಲಿ ಪಡೆಯಬೇಕು.